ಸೈತಾನ ಅಲ್ಲ, ಹಸಿ ಮರ: ಚೆಸ್ಟರ್‌ಫೀಲ್ಡ್ ಚರ್ಚಿನ ಶಿಖರ ತಿರುಚಿಕೊಂಡಿದ್ದು ಯಾಕೆ?

ಇವತ್ತು ಒಂದು ಸೊಟ್ಟ ಕಟ್ಟಡದ ಕಥೆ ಹೇಳ್ತೀನಿ.

ಇಂಗ್ಲೆಂಡಿನ ಶೆಫೀಲ್ಡ್‌ನಿಂದ ದಕ್ಷಿಣಕ್ಕೆ ರೈಲು ಹತ್ತಿದರೆ ಸುಮಾರು ಕಾಲು ಗಂಟೆಗೆ ಚೆಸ್ಟರ್‌ಫೀಲ್ಡ್ ಬರುತ್ತೆ. ಡರ್ಬಿಶೈರ್ ಜಿಲ್ಲೆಯ ಹಳೇ ಸಂತೆ ಊರು. ರೈಲಿನ ಕಿಟಕಿಯಿಂದ ಅಲ್ಲಿನ ಚರ್ಚನ್ನ ಮೊದಲ ಸಲ ನೋಡಿದಾಗ, ಗಾಜಿನಲ್ಲೇ ಏನೋ ದೋಷ ಇರಬೇಕು ಅಂದ್ಕೊಂಡೆ. ಫೋಟೊ ಕಳಿಸಿದ್ರೆ ಗೆಳೆಯರು, ‘ಯಾವ ಫಿಲ್ಟರ್ ಹಾಕಿದೀಯ?’ ಅಂತ ಕೇಳಿದ್ರು. ಯಾವ ಫಿಲ್ಟರೂ ಇಲ್ಲ. ಶಿಖರ ಇರೋದೇ ಹಾಗೆ. ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡು ಒಂದು ಕಡೆ ವಾಲಿದೆ.

ಇದು ಸೇಂಟ್ ಮೇರಿ ಅಂಡ್ ಆಲ್ ಸೇಂಟ್ಸ್ ಚರ್ಚ್, ಡರ್ಬಿಶೈರ್‌ನ ಅತಿ ದೊಡ್ಡ ಪ್ಯಾರಿಷ್ ಚರ್ಚ್. ಪ್ಯಾರಿಷ್ ಚರ್ಚ್ ಅಂದ್ರೆ ಒಂದು ಊರಿನ ಅಥವಾ ಬಡಾವಣೆಯ ಜನರದ್ದೇ ಆದ ಚರ್ಚ್. ಕಟ್ಟಡದ ಹೆಚ್ಚಿನ ಭಾಗ 14ನೇ ಶತಮಾನದ್ದು. ನಕ್ಷೆ ಶಿಲುಬೆಯ ಆಕಾರದಲ್ಲಿದೆ: ಜನ ಕೂರೋ ಉದ್ದನೆಯ ಹಜಾರ, ಎರಡು ಪಕ್ಕಕ್ಕೆ ಎರಡು ತೋಳು, ಪೂರ್ವಕ್ಕೆ ಪೂಜೆಯ ಭಾಗ. ಇವೆಲ್ಲ ಸೇರುವ ನಡುಮಧ್ಯದಲ್ಲಿ ಕಲ್ಲಿನ ಗೋಪುರ ಎದ್ದಿದೆ. ಆ ಗೋಪುರದ ಮೇಲೆ ಚೂಪಾದ ಟೋಪಿಯ ಹಾಗೆ ಕೂತಿರೋದೇ ಸ್ಪೈರ್, ಅಂದ್ರೆ ನಮ್ಮ ಕಥೆಯ ಶಿಖರ. ಕಟ್ಟಿದ್ದು 1362ರ ಸುಮಾರಿಗೆ. ನೆಲದಿಂದ ತುದಿಯವರೆಗೆ 228 ಅಡಿ. ತುದಿ ತನ್ನ ನಡುಬಿಂದುವಿನಿಂದ 9 ಅಡಿ 6 ಇಂಚು ಸರಿದಿದೆ. ತಿರುಚಿಕೊಂಡಿರೋದು 45 ಡಿಗ್ರಿ.

ಯಾಕೆ ಹೀಗಾಯ್ತು ಅಂತ ಕೇಳಿದ್ರೆ ಊರವರ ಹತ್ತಿರ ಕಥೆಗಳಿಗೆ ಬರ ಇಲ್ಲ. ಸೈತಾನ ಶಿಖರಕ್ಕೆ ಬಾಲ ಸುತ್ತಿಕೊಂಡು ಕೂತಿದ್ದ, ಧೂಪದ ಘಾಟಿಗೆ ಸೀನು ಬಂತು, ಶಿಖರ ತಿರುಚಿಹೋಯ್ತು ಅನ್ನೋದು ಒಂದು. ಕಮ್ಮಾರನೊಬ್ಬ ಅವನ ಕಾಲಿಗೆ ಲಾಳ ಹೊಡೆಯುವಾಗ ಮೊಳೆ ತಪ್ಪಿ ಚುಚ್ಚಿತು, ನೋವಿಗೆ ಒದ್ದ ಅನ್ನೋದು ಇನ್ನೊಂದು. ಕೇಳೋಕೆ ಮಜಾ. ಆದ್ರೆ ಉತ್ತರ ಶಿಖರದ ಒಳಗೇ ಇದೆ.

ಗೋಪುರದ ಕಿರಿದಾದ ಮೆಟ್ಟಿಲು ಹತ್ತಿ ಶಿಖರದ ಬುಡಕ್ಕೆ ಹೋಗಿ ತಲೆ ಎತ್ತಿ ನೋಡಿದೆ. ಒಳಗೆ ಕಲ್ಲೇ ಇಲ್ಲ! ಬರೀ ಓಕ್ ಮರದ ತೊಲೆಗಳು. ಹೊರಗಿನ ಹೊದಿಕೆ ಸೀಸದ್ದು.

ಮೊದಲನೇ ಕಾರಣ ಹಸಿ ಮರ. ಓಕ್ ಒಣಗಿದ್ರೆ ಕಬ್ಬಿಣದಷ್ಟು ಗಟ್ಟಿ, ಕೊಯ್ಯೋದು ಕಷ್ಟ. ಅದಕ್ಕೇ ಆ ಕಾಲದ ಬಡಗಿಗಳು ಹಸಿಯಾಗಿದ್ದಾಗಲೇ ಕೊಯ್ದು ಜೋಡಿಸ್ತಿದ್ರು. ಅದು ತಪ್ಪೇನಲ್ಲ, ಎಲ್ಲರೂ ಮಾಡ್ತಿದ್ದದ್ದೇ. ಆದ್ರೆ ಮರ ಒಣಗುವಾಗ ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗಲ್ಲ. ಉದ್ದಕ್ಕೆ ಕಮ್ಮಿ, ಅಡ್ಡಕ್ಕೆ ಜಾಸ್ತಿ. ಹಾಗಾಗಿ ಬಾಗುತ್ತೆ, ತಿರುಚುತ್ತೆ.

ಎರಡನೇದು, ಹಿಡಿದು ನಿಲ್ಲಿಸೋ ಓರೆ ಆಸರೆಗಳು ಸಾಲಲಿಲ್ಲ. ಕಬ್ಬಿಣದ ರ‍್ಯಾಕ್ ಹಿಂದೆ ಗುಣಾಕಾರದ ಗುರುತಿನ ಥರ ಎರಡು ಪಟ್ಟಿ ಇರುತ್ತಲ್ಲ, ಅದನ್ನ ಬಿಚ್ಚಿ ನೋಡಿ. ರ‍್ಯಾಕ್ ಅಲ್ಲಾಡೋಕೆ ಶುರು. ಇಲ್ಲೂ ಹಾಗೇ. 1349ರ ಸುಮಾರಿಗೆ ಆ ಪ್ರದೇಶಕ್ಕೆ ಪ್ಲೇಗ್ ಬಡಿದಿತ್ತು. ನುರಿತ ಬಡಗಿಗಳು ಸತ್ತುಹೋಗಿ ಅನುಭವ ಇಲ್ಲದವರ ಕೈಗೆ ಕೆಲಸ ಹೋಗಿರಬಹುದು ಅನ್ನೋ ಊಹೆ ಇದೆ. ಅದು ಊಹೆ ಮಾತ್ರ. ತಿರುಚಿದ ಶಿಖರಗಳು ಯುರೋಪಿನ ಬೇರೆ ಊರುಗಳಲ್ಲೂ ಇವೆ.

ಮೂರನೇದು ಸೀಸ. 30 ಟನ್‌ಗೂ ಹೆಚ್ಚು ಭಾರ. ಜೊತೆಗೆ ಬಿಸಿಲು ಬೀಳೋ ದಕ್ಷಿಣದ ಕಡೆ ಸೀಸ ಬೇಗ ಕಾದು ಹಿಗ್ಗುತ್ತೆ, ಉತ್ತರದ ಕಡೆ ಅಷ್ಟಿಲ್ಲ. ಶತಮಾನಗಟ್ಟಲೆ ದಿನಾ ಇದೇ ಎಳೆದಾಟ. ಹಾಳೆಗಳನ್ನ ಮೀನಿನ ಮುಳ್ಳಿನ ಹಾಗೆ ಓರೆಯಾಗಿ ಜೋಡಿಸಿರೋದ್ರಿಂದ ತಿರುವು ಕಣ್ಣಿಗೆ ಇನ್ನೂ ಜಾಸ್ತಿ ಕಾಣುತ್ತೆ.

ಮತ್ತೆ ಬೀಳ್ತಿಲ್ಲ ಯಾಕೆ? ಚೂಪಾದ ಆಕಾರದಲ್ಲಿ ಹೆಚ್ಚಿನ ಭಾರ ಇರೋದು ಬುಡದ ಹತ್ತಿರ. ತುದಿ ಒಂಬತ್ತೂವರೆ ಅಡಿ ಸರಿದ್ರೂ ಒಟ್ಟು ಭಾರದ ಕೇಂದ್ರ ಸರಿದಿರೋದು ಸ್ವಲ್ಪವೇ, ಅದಿನ್ನೂ ಬುಡದ ಒಳಗೇ ಇದೆ. ಕಲ್ಲಾಗಿದ್ರೆ ಇಷ್ಟು ತಿರುವಿಗೆ ಬಿರುಕು ಬಿಡ್ತಿತ್ತು. ಮರ ಬಾಗಿತು, ಉಳ್ಕೊಂತು. ಸೊಟ್ಟಗಿರೋದು ಬೇರೆ, ಬೀಳೋದು ಬೇರೆ.

ನಿಜವಾದ ಅಪಾಯ ಬಂದದ್ದು ಬೇರೆ ಕಡೆಯಿಂದ. 1961ರ ಡಿಸೆಂಬರ್ 22, ಕ್ರಿಸ್‌ಮಸ್‌ಗೆ ಮೂರೇ ದಿನ. ಉತ್ತರದ ತೋಳಿಗೆ ಬೆಂಕಿ ಬಿತ್ತು. 1756ರ ಆರ್ಗನ್ ಸುಟ್ಟುಹೋಯ್ತು. ಪಕ್ಕದಲ್ಲೇ ಗೋಪುರ, ಅದರ ಮೇಲೆ 600 ವರ್ಷ ಒಣಗಿದ ಓಕ್! ಬೆಂಕಿ ಅಲ್ಲಿಗೆ ಹತ್ತಿದ್ದಿದ್ರೆ ಇವತ್ತು ಹೇಳೋಕೆ ಈ ಕಥೆ ಇರ್ತಿರಲಿಲ್ಲ. ಶಿಖರ ಉಳೀತು.

ಈಗ ಆ ಊರಿನ ಗುರುತೇ ಅದು. ಅಲ್ಲಿನ ಫುಟ್‌ಬಾಲ್ ತಂಡದ ಅಡ್ಡಹೆಸರು ಸ್ಪೈರೈಟ್ಸ್, ಅಂದ್ರೆ ಶಿಖರದವರು. ಮೇಲಿನಿಂದ ಇಳಿಯುವಾಗ ನಂಗೆ ಅನ್ನಿಸಿದ್ದು ಇಷ್ಟೇ: ಶಿಖರ ನೆಟ್ಟಗಿದ್ದಿದ್ರೆ ನಾನು ರೈಲಿಂದ ಇಳೀತಿರಲಿಲ್ಲ. ಆದ್ರೆ ಸೊಟ್ಟ ಚೆಂದ ಅಂತ ಸುಮ್ನೆ ಬಿಡೋ ಹಾಗೂ ಇಲ್ಲ. ಸೀಸದಲ್ಲಿ ಒಂದು ಸೀಳು ಬಿಟ್ರೂ ಮಳೆನೀರು ಇಳಿದು ತೊಲೆ ಕೊಳೆಯುತ್ತೆ. ಯಾರೋ ಮೇಲೆ ಹತ್ತಿ ನೋಡ್ತಾ ಇರೋದ್ರಿಂದಲೇ ಅದು ನಿಂತಿದೆ.

ನಿಮ್ಮೂರಲ್ಲೂ ಇಂಥ ಸೊಟ್ಟ ಕಟ್ಟಡ ಇದ್ಯಾ? ಯಾಕೆ ಸೊಟ್ಟ ಆಯ್ತು ಅಂತ ವಿಚಾರಿಸಿ, ನಮಗೊಂದು ವಾಯ್ಸ್ ನೋಟ್ ಕಳಿಸಿ. ಮತ್ತೆ ಸಿಗೋಣ, ನಮಸ್ಕಾರ.