ಕಲಿಸಿದ ಕೈ, ಕದ ಮುಚ್ಚಿದ ಕೈ

ಪಾರ್ಶ್ವವಾಯು ಬಡಿದವರನ್ನು ಮತ್ತೆ ನಡೆಯಿಸುವ ವಿದ್ಯೆ ಫಿಸಿಯೋಥೆರಪಿ. ಇಂಗ್ಲೆಂಡಿನಲ್ಲಿ 1894ರಲ್ಲಿ ನಾಲ್ವರು ದಾದಿಯರು ಸಂಘ ಕಟ್ಟಿ ಅದಕ್ಕೊಂದು ಮರ್ಯಾದೆ ತಂದರು. ಅಂಗಮರ್ದನವೆಂದರೆ ಸಭ್ಯರು ಮೂಗು ಮುರಿಯುತ್ತಿದ್ದ ಕಾಲವದು! ಮುಂದೆ ಸರ್ಕಾರವೇ ಶುಲ್ಕ ತೆತ್ತು ತರುಣ ತರುಣಿಯರಿಗೆ ಈ ವಿದ್ಯೆಯನ್ನು ಕಲಿಸತೊಡಗಿತು. ಕಲಿತವರಿಗೆ ರಾಷ್ಟ್ರೀಯ ಆರೋಗ್ಯ ಸೇವೆಯ ಆಸ್ಪತ್ರೆಗಳೇ ಆಶ್ರಯ.

2006ರಲ್ಲಿ ಆ ಆಶ್ರಯ ತಪ್ಪಿತು. ಖರ್ಚು ಆದಾಯವನ್ನು ಮೀರಿದ ಆಸ್ಪತ್ರೆಗಳು ಹೊಸಬರ ಹುದ್ದೆಗಳನ್ನು ತಡೆಹಿಡಿದವು. ಪದವೀಧರರು ಅನೇಕರು ಕೆಲಸವಿಲ್ಲದೆ ಕುಳಿತರು. ಚಿಕಿತ್ಸೆಗಾಗಿ ಕಾದಿದ್ದ ರೋಗಿಗಳ ಸಾಲೇನೂ ಕರಗಿರಲಿಲ್ಲ. ಇದೆಂತಹ ವಿಚಿತ್ರವೆನ್ನುವಿರಾ? ಇಷ್ಟು ಮಂದಿಗೆ ಕಲಿಸಬೇಕೆಂದು ಮೂರು ವರ್ಷ ಮೊದಲೇ ಲೆಕ್ಕ ಹಾಕಿ ಹಣವಿಟ್ಟ ಬೊಕ್ಕಸ ಒಂದು. ಸಂಬಳ ಕೊಡಬೇಕಾದ ಬೊಕ್ಕಸ ಇನ್ನೊಂದು. ಖಾಸಗಿ ಚಿಕಿತ್ಸಾಲಯದ ಬಾಗಿಲು ತಟ್ಟಿದರೆ, “ಅನುಭವವೆಷ್ಟು?” ಎಂಬ ಪ್ರಶ್ನೆ. ಆ ಅನುಭವವಾದರೋ ದೊರೆಯುವುದು ಆಸ್ಪತ್ರೆಯ ಒಂದೊಂದು ವಾರ್ಡಿನಲ್ಲಿಯೂ ಸರದಿಯಂತೆ ದುಡಿಸುವ ಮೊದಲ ಹುದ್ದೆಯಲ್ಲಿ, ಕೈತಪ್ಪಿದ್ದೂ ಅದೇ.

2017ರಲ್ಲಿ ಇಂಗ್ಲೆಂಡಿನ ಸರ್ಕಾರ ಹೊಸ ವಿದ್ಯಾರ್ಥಿಗಳಿಗೆ ಈ ನೆರವನ್ನು ನಿಲ್ಲಿಸಿ, ಸಾಲ ಮಾಡಿ ಓದಿರೆಂದಿತು. 2020ರಲ್ಲಿ ಮನಸ್ಸು ಕರಗಿ, ಹಿಂದಿರುಗಿಸಬೇಕಿಲ್ಲದ 5,000 ಪೌಂಡುಗಳನ್ನು ವರ್ಷವರ್ಷವೂ ಕೊಡಲು ಮುಂದಾಯಿತು. ಓದಿ ಮುಗಿಸಿದವರಿಗೆ ಮೊದಲ ಹುದ್ದೆ ಖಂಡಿತವೆಂಬ ಮಾತು ಮಾತ್ರ ಈ ಎರಡು ಏರ್ಪಾಡುಗಳಲ್ಲಿಯೂ ಇರಲಿಲ್ಲ.