ತೋರಿಕೆಯ ನಂಬಿಕೆ ಮತ್ತು ನಿಜವಾದ ಕ್ರೈಸ್ತ ವಿಶ್ವಾಸ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಕರಾವಳಿ ಮೂಲದವರು ಅನೇಕರು. ಊರಿನ ಹಿರಿಯರ ಮನೆಯ ಮಾಡಿಗೆ ಹೊದಿಸಿದ್ದ ಬಾಸೆಲ್ ಮಿಷನ್ ಹಂಚು ನಮಗೆ ಅಪರಿಚಿತವಲ್ಲ. ಆ ಹಂಚಿನ ಜೊತೆಗೇ ಒಂದು ಶಂಕೆಯೂ ಬೆಳೆದುಬಂದಿದೆ: ಕಾರ್ಖಾನೆಯ ಕೂಲಿಗಾಗಿ ಮತ ಬದಲಿಸಿದವರ ಭಕ್ತಿ ಎಷ್ಟರಮಟ್ಟಿನದು? ಪ್ರಶ್ನೆ ಕಟುವಾದುದು, ಆದರೆ ವಿಚಾರಕ್ಕೆ ಯೋಗ್ಯವಾದುದು.

ತೋರಿಕೆಯ ನಂಬಿಕೆಯನ್ನು ಬೈಬಲ್ ಸ್ವತಃ ಶಂಕಿಸುತ್ತದೆ. ದೇವರೊಬ್ಬನೇ ಎಂಬುದನ್ನು ದೆವ್ವಗಳೂ ಒಪ್ಪುತ್ತವೆ, ಕ್ರಿಯೆಯಿಲ್ಲದ ನಂಬಿಕೆಗೆ ಜೀವವಿಲ್ಲ ಎಂಬುದು ಯಾಕೋಬನ ಪತ್ರಿಕೆಯ ಅಭಿಪ್ರಾಯ. ಯೇಸು ಹೇಳಿದ ಬಿತ್ತುವವನ ಸಾಮ್ಯದಲ್ಲಿ, ಬಂಡೆಯ ಮೇಲಿನ ತೆಳುಮಣ್ಣಿಗೆ ಬಿದ್ದ ಬೀಜ ಬೇಗನೆ ಮೊಳೆತು, ಬೇರಿಲ್ಲದೆ ಬಿಸಿಲಿಗೆ ಬಾಡುತ್ತದೆ. ಮತತತ್ತ್ವವನ್ನು ಬುದ್ಧಿ ಒಪ್ಪಿದರೆ ಅದು ಆರಂಭ ಮಾತ್ರ. ಬಾಳನ್ನೇ ದೇವರಿಗೆ ಒಪ್ಪಿಸಿ, ನಷ್ಟ ಬಂದಾಗಲೂ ನಿಲ್ಲುವುದನ್ನು ಕ್ರೈಸ್ತರು ವಿಶ್ವಾಸವೆನ್ನುತ್ತಾರೆ. (ಖಾತೆ ತೆರೆದವರೆಲ್ಲರೂ ವ್ಯವಹಾರ ನಡೆಸುವುದಿಲ್ಲವೆಂಬುದು ಬ್ಯಾಂಕಿನಲ್ಲಿ ದುಡಿಯುವ ನಮಗೆ ಚೆನ್ನಾಗಿ ಗೊತ್ತು!)

ಈಗ ಮಂಗಳೂರಿನ ಸಂಗತಿಗೆ ಬರೋಣ. ಬಾಸೆಲ್ ಮಿಷನ್ ಅಲ್ಲಿಗೆ ಬಂದುದು 1834ರಲ್ಲಿ. ಜೆಪ್ಪುವಿನ ಹಂಚಿನ ಕಾರ್ಖಾನೆ ಆರಂಭವಾದುದು 1865ರಲ್ಲಿ. ನಡುವಿನ ಮೂರು ದಶಕಗಳಲ್ಲಿ ಮತಾಂತರಗೊಂಡವರಿಗೆ ಹಂಚಿನ ಕೆಲಸದ ಆಸೆಯೆಲ್ಲಿಯದು? 1844ರಲ್ಲಿ ದೀಕ್ಷಾಸ್ನಾನ ಪಡೆದ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯರು ಅನುಕೂಲಸ್ಥ ಕುಟುಂಬದವರು. ಅವರಿಗಾದುದು ನೆಂಟರಿಷ್ಟರ ಅಗಲಿಕೆ. ಬಿಲ್ಲವರ ಕಥೆ ಇನ್ನೂ ಕಠಿಣ. ಮಿಷನ್ನಿನ ಸಭೆಯನ್ನು ಸೇರಿದವರು ಮೂರ್ತೆದಾರಿಕೆಯನ್ನು ಬಿಡಬೇಕಿತ್ತು. ಕುಲಕಸುಬಿನೊಡನೆ ಬಂಧುಬಳಗದ ಆಸರೆಯೂ ಹೋಗುತ್ತಿತ್ತು. ಹೀಗೆ ಜೀವನೋಪಾಯ ಕಳೆದುಕೊಂಡವರಿಗೆ ಆಧಾರವಾಗಲೆಂದೇ ಮಿಷನ್ ಮೊದಲು ನೇಯ್ಗೆಯನ್ನು, ಅನಂತರ ಹಂಚಿನ ಉದ್ಯಮವನ್ನು ಕೈಗೊಂಡಿತು. ಕೂಲಿಯ ಆಸೆಯಿಂದ ಬಂದವರು ಇರಲೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಮಿಷನರಿಗಳಿಗೂ ಆ ಅನುಮಾನವಿತ್ತು. ಆದುದರಿಂದಲೇ ಬಂದವರಿಗೆಲ್ಲ ಕೂಡಲೇ ದೀಕ್ಷೆ ಕೊಡದೆ, ಮೊದಲು ಬೋಧಿಸಿ, ನಡತೆಯನ್ನು ಗಮನಿಸುತ್ತಿದ್ದರು.

ಕಠಿಣ ಪರೀಕ್ಷೆ ಬಂದುದು 1914ರಲ್ಲಿ. ಮಹಾಯುದ್ಧ ಆರಂಭವಾಗಿ ಜರ್ಮನ್ ಮಿಷನರಿಗಳು ಬಂಧನಕ್ಕೊಳಗಾದರು, ಉದ್ಯಮಗಳು ಮಿಷನ್ನಿನ ಕೈತಪ್ಪಿದವು. ಕೂಲಿಯೊಂದೇ ಬಂಧನವಾಗಿದ್ದರೆ ಸಭೆಗಳು ಚದುರಿಹೋಗಬೇಕಿತ್ತು. ಅವು ಉಳಿದವು, ದಕ್ಷಿಣ ಕನ್ನಡದ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಸೇರಿದವು. ಒಬ್ಬೊಬ್ಬರ ಅಂತರಂಗವನ್ನು ಅಳೆಯಲು ಇದು ಸಾಲದಾದರೂ ಹಳೆಯ ಶಂಕೆಗೆ ಉತ್ತರವಂತೂ ಆದೀತು.

ಆ ಮನೆತನಗಳ ಈಗಿನ ಪೀಳಿಗೆಯವರಿಗೆ ಪ್ರಶ್ನೆ ಬೇರೆಯೇ. ಹುಟ್ಟಿನಿಂದಲೇ ಕ್ರೈಸ್ತರಾದವರು ಕಳೆದುಕೊಳ್ಳುವುದೇನೂ ಇಲ್ಲ; ಹೆಸರು, ಹಬ್ಬ, ಭಾನುವಾರದ ಆರಾಧನೆ ಎಲ್ಲವೂ ಬಳುವಳಿಯಾಗಿ ಬರುತ್ತವೆ. ಶೈಶವದಲ್ಲಿ ಹೆತ್ತವರು ಕೊಡಿಸಿದ ದೀಕ್ಷೆಯನ್ನು ಪ್ರಾಯಕ್ಕೆ ಬಂದವರು ಸಭೆಯ ಮುಂದೆ ತಮ್ಮ ಬಾಯಿಂದಲೇ ಒಪ್ಪಿಕೊಳ್ಳಬೇಕೆಂಬ ದೃಢೀಕರಣದ ವಿಧಿ ಇರುವುದು ಅದಕ್ಕಾಗಿಯೇ.