ಕಬ್ಬಿನಿಂದ ಇಂಧನ: ಲೆಕ್ಕ ಯಾರ ಕಡೆಗೆ?

ಗೋಕಾಕ ಜಲಪಾತದಲ್ಲಿ ಘಟಪ್ರಭೆ ಧುಮುಕುವ ಮರಳುಗಲ್ಲು ಕಲಾದಗಿ ಶಿಲಾಸಮೂಹಕ್ಕೆ ಸೇರಿದ್ದು. ತೈಲ, ಅನಿಲ ಹುಡುಕಲೆಂದು ದೇಶದಲ್ಲಿ ಗುರುತಿಸಿರುವ 26 ಜಲಜಶಿಲಾ ಪ್ರದೇಶಗಳಲ್ಲಿ ‘ಭೀಮಾ-ಕಲಾದಗಿ’ಯೂ ಒಂದು. ಹಾಗಿದ್ದರೂ ಇಲ್ಲಿ ತೈಲಬಾವಿಗಳಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿಯ ಇಂಧನ ಕಬ್ಬಿನ ಗದ್ದೆಯಲ್ಲಿದೆ. ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಅದು.

ಸಾಲದ ಮೇಲೆ ನಿಂತ ಇಂಧನ ಉದ್ಯಮದ ಪಾಡು ಏನೆಂಬುದಕ್ಕೆ ಅಮೆರಿಕ ಒಂದು ಉದಾಹರಣೆ. ಅಲ್ಲಿ ಶೇಲ್ ಕಲ್ಲನ್ನು ಒತ್ತಡದ ನೀರಿನಿಂದ ಸೀಳಿ ತೈಲ ತೆಗೆಯುತ್ತಾರೆ. ಅಂಥ ಬಾವಿಯ ಇಳುವರಿ ಮೊದಲ ವರ್ಷದಲ್ಲೇ ಅರ್ಧಕ್ಕಿಂತ ಕೆಳಗೆ ಬೀಳುತ್ತದೆ. ಹೊಸ ಬಾವಿ ಕೊರೆಯುತ್ತಲೇ ಇರಬೇಕು, ಅದಕ್ಕೆ ಸಾಲ ಬೇಕು, ಸಾಲ ತೀರಲು ಬೆಲೆ ನಿಲ್ಲಬೇಕು. 2014ರ ನಂತರ ತೈಲದ ದರ ಕುಸಿದಾಗ ಹಲವು ಕಂಪನಿಗಳು ದಿವಾಳಿಯಾದವು. ಎಥೆನಾಲ್‌ ಘಟಕಕ್ಕೂ ದೊಡ್ಡ ಸಾಲವಿದೆ, ಆದರೆ ಅದರ ದರವನ್ನು ಮಾರುಕಟ್ಟೆಯ ಬದಲು ಕೇಂದ್ರ ಸರ್ಕಾರ ನಿಗದಿ ಮಾಡುತ್ತದೆ.

ಒಂದು ಟನ್ ಕಬ್ಬನ್ನೇ ನೋಡೋಣ. ಸಕ್ಕರೆಯನ್ನೆಲ್ಲ ತೆಗೆದು ಉಳಿದ ಕಾಕಂಬಿಯಿಂದ ಹತ್ತು ಲೀಟರಿನಷ್ಟು ಎಥೆನಾಲ್ ಸಿಗುತ್ತದೆ. ಸಕ್ಕರೆ ಮಾಡದೆ ಕಬ್ಬಿನ ಹಾಲನ್ನೇ ಹುದುಗಿಸಿದರೆ ಸುಮಾರು 70 ಲೀಟರ್. ಹಾಲಿನ ಎಥೆನಾಲ್‌ಗೆ 2022-23ರಲ್ಲಿ ಲೀಟರಿಗೆ 65.61 ರೂಪಾಯಿ ದರವಿತ್ತು, ಅಂದರೆ ಟನ್ನಿಗೆ ಸುಮಾರು 4,590 ರೂಪಾಯಿ. 2024-25ರಲ್ಲೂ ಅದೇ ದರ. ಅಷ್ಟರಲ್ಲಿ ಕೇಂದ್ರ ನಿಗದಿ ಮಾಡುವ ಕಬ್ಬಿನ ಕನಿಷ್ಠ ದರವಾದ ಎಫ್‌ಆರ್‌ಪಿ ಟನ್ನಿಗೆ 3,050ರಿಂದ 3,400ಕ್ಕೆ ಏರಿತ್ತು. ನಡುವೆ 2023ರ ಡಿಸೆಂಬರಿನಲ್ಲಿ ಸಕ್ಕರೆ ಕೊರತೆಯ ಭಯದಿಂದ ಕೇಂದ್ರವು ಹಾಲಿನಿಂದ ಎಥೆನಾಲ್ ಮಾಡುವುದನ್ನೇ ನಿರ್ಬಂಧಿಸಿತು. ಸಾಲ ಮಾಡಿ ಘಟಕ ಕಟ್ಟಿದವರಿಗೆ ಇದು ದೊಡ್ಡ ಪೆಟ್ಟು. ಹತ್ತು ವರ್ಷ ನಿಲ್ಲುವ ನೀತಿಯಿಲ್ಲದೆ ಇಂಥ ಉದ್ಯಮ ಬೆಳೆಯಲಾರದು ಎಂದೇ ನನ್ನ ಅನಿಸಿಕೆ.

ಕಾರ್ಖಾನೆಯ ಸಂಕಟ ಕೊನೆಗೆ ಬಂದು ಬೀಳುವುದು ಬೆಳೆಗಾರನ ಬಿಲ್ಲಿನ ಮೇಲೆ. 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಕಟಾವು, ಸಾಗಣೆಯ ಖರ್ಚು ಬಿಟ್ಟು ಟನ್ನಿಗೆ 3,500 ರೂಪಾಯಿ ಕೇಳಿ ದಿನಗಟ್ಟಲೆ ರಸ್ತೆಯಲ್ಲೇ ಕುಳಿತರು. ಮುಖ್ಯಮಂತ್ರಿ ಸಿದ್ದರಾಮಯ್ಯನವರ ಸಂಧಾನದಲ್ಲಿ 3,300ಕ್ಕೆ ತೀರ್ಮಾನವಾಯಿತು. ಅದರಲ್ಲಿ 50 ರೂಪಾಯಿ ರಾಜ್ಯ ಸರ್ಕಾರದ್ದು. ರಾಜ್ಯಕ್ಕೆ 270 ಕೋಟಿ ಲೀಟರ್ ಎಥೆನಾಲ್ ತಯಾರಿಸುವ ಸಾಮರ್ಥ್ಯವಿದ್ದರೂ 47 ಕೋಟಿ ಲೀಟರಿಗಷ್ಟೇ ಹಂಚಿಕೆ ಸಿಕ್ಕಿದೆ ಎಂದು ಅವರು ಕೇಂದ್ರಕ್ಕೆ ದೂರಿದರು.

ಎಫ್‌ಆರ್‌ಪಿ ನಿಂತಿರುವುದು ಸಕ್ಕರೆಯ ರಿಕವರಿಯ, ಅಂದರೆ ಕಬ್ಬಿನಿಂದ ಎಷ್ಟು ಸಕ್ಕರೆ ಸಿಗುತ್ತದೆ ಎಂಬುದರ ಮೇಲೆ. ಎಥೆನಾಲ್‌ಗೆ ಒಳ್ಳೆಯ ದರ ಬಂದ ವರ್ಷವೂ ಅದರ ಪಾಲು ರೈತನಿಗೆ ತಾನಾಗಿ ಇಳಿದು ಬರುವುದಿಲ್ಲ. ಸಕ್ಕರೆ ಮತ್ತು ಉಪ ಉತ್ಪನ್ನಗಳ ಆದಾಯದಲ್ಲಿ ಶೇ 70ರಷ್ಟು ಬೆಳೆಗಾರರಿಗೆ ಸೇರಬೇಕೆಂದು ರಂಗರಾಜನ್ ಸಮಿತಿ 2012ರಲ್ಲೇ ಹೇಳಿತ್ತು. ಈಗ ಕಬ್ಬಿನ ಹಾಲನ್ನು ಸೋಸಿದಾಗ ಉಳಿಯುವ ಪ್ರೆಸ್‌ಮಡ್ಡಿನಿಂದಲೂ ವಾಹನಕ್ಕೆ ಹಾಕುವ ಜೈವಿಕ ಅನಿಲ ತಯಾರಾಗುತ್ತಿದೆ. ಸುಮಾರು 25 ಟನ್ ಮಡ್ಡಿಗೆ ಒಂದು ಟನ್ ಅನಿಲ. ಹಿಂದೆ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತಿದ್ದ ಈ ಮಡ್ಡಿಗೂ ಬೆಲೆ ಬಂದಿರುವಾಗ, ಕಬ್ಬಿನ ಬಿಲ್ಲಿನಲ್ಲಿ ಎಥೆನಾಲ್‌ಗೆ ಒಂದು ಸಾಲು, ಅನಿಲಕ್ಕೊಂದು ಸಾಲು ಇರಬೇಕೆಂದು ಬೆಳೆಗಾರ ಕೇಳುವುದು ನ್ಯಾಯವೇ.